ಪರೀಕ್ಷೆಯ ಮಕ್ಕಳನ್ನು ನಾಲ್ಕಕ್ಕೆ ಎಬ್ಬಿಸಬೇಡಿ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಗಳು ಹತ್ತಿರ ಬಂದರೆ ಸಾಕು, ಮನೆಯವರ, ಮೇಷ್ಟ್ರುಗಳ ಕಣ್ಣು ಮಕ್ಕಳ ನಿದ್ದೆಯ ಮೇಲೆ ಬೀಳುತ್ತದೆ. ಕೆಲವೆಡೆ ಶಿಕ್ಷಕರೇ ನಸುಕಿನಲ್ಲಿ ಫೋನ್ ಮಾಡಿ ಎಬ್ಬಿಸುತ್ತಾರೆ. ಹಾಸ್ಟೆಲ್‌ಗಳಲ್ಲಿ ನಾಲ್ಕೂವರೆಗೆ ಗಂಟೆ ಬಾರಿಸುತ್ತಾರೆ. ‘ನಮ್ಮ ಹುಡುಗ ಮೂರೂವರೆಗೇ ಏಳ್ತಾನೆ’ ಎಂದು ನೆಂಟರೆದುರು ಹೇಳಿಕೊಳ್ಳುವುದೂ ಆಗ ಶುರು. ಕಾಳಜಿಯೇನೋ ನಿಜವಾದದ್ದೇ. ಆದರೆ ರಾತ್ರಿ ಹನ್ನೊಂದರವರೆಗೆ ಓದಿಸಿ ನಾಲ್ಕಕ್ಕೆ ಎಬ್ಬಿಸಿದರೆ, ಹಿಂದಿನ ದಿನ ಓದಿದ್ದು ನೆನಪಿನಲ್ಲಿ ನೆಲೆಯೂರಲು ಬೇಕಿದ್ದ ಹೊತ್ತನ್ನು ಕಿತ್ತು ಹೊಸ ಓದಿಗೆ ಕೊಟ್ಟಂತಾಗುತ್ತದೆ. ಹಾಗೆ ಕೊಟ್ಟ ಹೊತ್ತಿನಲ್ಲಿ ಆ ಹೊಸ ಓದೂ ತಲೆಗೆ ಹತ್ತುವುದಿಲ್ಲ.

ಇಡೀ ರಾತ್ರಿ ನಿದ್ದೆ ಒಂದೇ ತೆರನಾಗಿರುವುದಿಲ್ಲ. ಸುಮಾರು 90 ನಿಮಿಷಕ್ಕೊಂದು ಸುತ್ತಿನಂತೆ, ಎಂಟು ಗಂಟೆಯ ನಿದ್ದೆಯಲ್ಲಿ ಐದು ಸುತ್ತುಗಳು ನಡೆಯುತ್ತವೆ. ಪ್ರತಿ ಸುತ್ತಿನಲ್ಲೂ ಮಿದುಳು ಮಂಪರಿನಿಂದ ಹಗುರ ನಿದ್ದೆಗೆ, ಅಲ್ಲಿಂದ ಗಾಢನಿದ್ದೆಗೆ ಇಳಿದು, ಮತ್ತೆ ಮೇಲೆ ಬಂದು ರೆಮ್ ನಿದ್ದೆಯನ್ನು ಮುಟ್ಟುತ್ತದೆ. ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆಗಳು ಸರಸರ ಓಡಾಡುವ, ಎದ್ದುಕಾಣುವ ಕನಸುಗಳು ಹೆಚ್ಚಾಗಿ ಬೀಳುವ ಈ ರೆಮ್ ಹಂತವನ್ನು ಶಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ 1953ರಲ್ಲಿ ವರದಿ ಮಾಡಿದರು. ಪಾಲಕರು ಗಮನಿಸಬೇಕಾದದ್ದು ಈ ಹಂತಗಳ ಹಂಚಿಕೆಯನ್ನು. ಗಾಢನಿದ್ದೆಯ ಬಹುಪಾಲು ಮೊದಲ ಮೂರು ಗಂಟೆಗಳಲ್ಲೇ ಮುಗಿಯುತ್ತದೆ. ರೆಮ್ ಮಾತ್ರ ತಿರುಗುಮುರುಗು. ಮೊದಲ ಸುತ್ತಿನಲ್ಲಿ ಹತ್ತು ನಿಮಿಷವೂ ಇರದ ಅದು, ಕೊನೆಯ ಸುತ್ತುಗಳಲ್ಲಿ ಅರ್ಧ ಗಂಟೆ ಮೀರುತ್ತದೆ.

ಹಾಗಾಗಿ ಹನ್ನೊಂದಕ್ಕೆ ಮಲಗಿ ನಾಲ್ಕಕ್ಕೆ ಏಳುವ ಹುಡುಗಿ ಕಳೆದುಕೊಳ್ಳುವುದು ಬರೀ ಮೂರು ಗಂಟೆ ಎಂಬ ಲೆಕ್ಕ ತಪ್ಪು. ಗಾಢನಿದ್ದೆ ಅವಳಿಗೆ ಹೆಚ್ಚೂಕಡಿಮೆ ಪೂರ್ತಿ ಸಿಕ್ಕಿರುತ್ತದೆ. ರೆಮ್ ಮಾತ್ರ ಅರ್ಧಕ್ಕಿಂತ ಹೆಚ್ಚು ಹೋಗಿರುತ್ತದೆ, ಅದರ ಜೊತೆಗೆ ಬೆಳಗಿನ ಜಾವದ ಹಗುರ ನಿದ್ದೆಯೂ ಹೋಗಿರುತ್ತದೆ. ಹೆಸರಿಗೆ ಹಗುರವಾದರೂ ಈ ಹಂತ ಕೆಲಸಕ್ಕೆ ಬಾರದ್ದೇನಲ್ಲ. ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿಯಲ್ಲಿ ಸೆಕೆಂಡಿಗೆ 12ರಿಂದ 15 ಬಾರಿ ಮಿಡಿಯುವ, ಅರ್ಧದಿಂದ ಎರಡು ಸೆಕೆಂಡು ಉಳಿದು ಕರಗುವ ‘ಸ್ಪಿಂಡಲ್’ ಎಂಬ ಅಲೆಗೊಂಚಲುಗಳು ಕಾಣುವುದು ಇದರಲ್ಲೇ. ಬೆರಳುಗಳಿಂದ ಕೀಲಿಗಳನ್ನು ಒಂದು ಕ್ರಮದಲ್ಲಿ ಒತ್ತುವುದನ್ನು ಕಲಿತವರು ಮರುದಿನ ಇನ್ನಷ್ಟು ವೇಗವಾಗಿ ಒತ್ತಿದ್ದನ್ನೂ, ಆ ಸುಧಾರಣೆಗೆ ರಾತ್ರಿಯ ಕೊನೆಯ ಕಾಲುಭಾಗದ ಹಗುರ ನಿದ್ದೆಯ ನಂಟಿದ್ದುದನ್ನೂ ಮ್ಯಾಥ್ಯೂ ವಾಕರ್ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದರು. ನಾವು ಅಲಾರಂ ಇಡುವುದು ಸರಿಯಾಗಿ ಆ ಕಾಲುಭಾಗಕ್ಕೇ.

ಓದಿದ್ದು ಉಳಿಯುವ ಬಗೆ ಹೀಗಿದೆ. ಹಗಲು ಓದಿದ ಇಸವಿ, ಸೂತ್ರ, ವ್ಯಾಖ್ಯೆಗಳನ್ನು ಮೊದಲು ಹಿಡಿಯುವುದು ಕಿವಿಯ ನೇರಕ್ಕೆ ಮಿದುಳಿನ ಒಳಬದಿಯಲ್ಲಿ ಎರಡೂ ಕಡೆ ಇರುವ ಹಿಪೊಕ್ಯಾಂಪಸ್. ಅದು ಅಂಗಡಿಯ ಚಿತ್ತು ಪುಸ್ತಕವಿದ್ದಂತೆ. ಲೆಕ್ಕ ಖಾತೆಗೆ ಏರುವುದು ಅಂಗಡಿ ಮುಚ್ಚಿದ ಮೇಲೆ. ಖಾತೆ ಎಂದರೆ ಮಿದುಳಿನ ಹೊರಪದರವಾದ ಕಾರ್ಟೆಕ್ಸ್. ಇದು ಬರೀ ಊಹೆಯಲ್ಲ. ಹಗಲು ಜಾಡಿನಲ್ಲಿ ಓಡಾಡಿದ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ ಒಟ್ಟೊಟ್ಟಿಗೆ ಮಿಡಿದಿದ್ದ ನರಕೋಶಗಳು ನಂತರದ ನಿದ್ದೆಯಲ್ಲೂ ಒಟ್ಟಾಗಿ ಮಿಡಿದದ್ದನ್ನು ಮ್ಯಾಥ್ಯೂ ವಿಲ್ಸನ್ ಮತ್ತು ಬ್ರೂಸ್ ಮೆಕ್‌ನಾಟನ್ 1994ರಲ್ಲಿ ದಾಖಲಿಸಿದರು. ಮನುಷ್ಯರ ಮೇಲಿನ ಪ್ರಯೋಗ ಇನ್ನೂ ಹಳೆಯದು. 1924ರಲ್ಲಿ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ಬಾಯಿಪಾಠ ಮಾಡಿಸಿ, ಕೆಲವೊಮ್ಮೆ ನಿದ್ದೆಯ ನಂತರ, ಕೆಲವೊಮ್ಮೆ ಅಷ್ಟೇ ಹೊತ್ತಿನ ಎಚ್ಚರದ ನಂತರ ಕೇಳಿದರು. ನಿದ್ದೆಯ ನಂತರ ಮರೆವು ಬಹಳ ಕಡಿಮೆಯಿತ್ತು. ಪ್ರಯೋಗಕ್ಕೆ ಒಳಗಾದವರು ಇಬ್ಬರೇ ಎಂಬುದು ನಿಜ. ಆದರೆ ಮುಂದಿನ ನೂರು ವರ್ಷಗಳಲ್ಲಿ ಬೇರೆ ಬೇರೆ ಕಡೆ ನಡೆದ ಪ್ರಯೋಗಗಳು ಅದೇ ದಿಕ್ಕನ್ನು ತೋರಿಸಿವೆ. ಇಂಥ ನೆನಪಿಗೆ ಗಾಢನಿದ್ದೆ, ಅಂಥ ನೆನಪಿಗೆ ರೆಮ್ ಎಂದು ಕತ್ತರಿಸಿಟ್ಟ ಹಾಗೆ ಹೇಳುವ ಚಾರ್ಟುಗಳು ಓಡಾಡುತ್ತವೆ. ಅವನ್ನು ಪೂರ್ತಿ ನಂಬುವುದು ಬೇಡ, ವಿಜ್ಞಾನಿಗಳಲ್ಲೇ ಅದರ ಬಗ್ಗೆ ಒಮ್ಮತವಿಲ್ಲ. ಪರೀಕ್ಷೆಗೆ ಕೂರುವ ಮಗುವಿಗೆ ಇಡೀ ರಾತ್ರಿಯೇ ಬೇಕು ಎಂದುಕೊಂಡರೆ ಸಾಕು.

ಇನ್ನು ನಾಲ್ಕು ಗಂಟೆ ಎಂಬ ಹೊತ್ತಿನ ವಿಷಯ. ಎರಡೂ ಕಣ್ಣುಗಳ ನರಗಳು ಅಡ್ಡಹಾಯುವ ಜಾಗದ ತುಸು ಮೇಲೆ, ಸುಮಾರು 20,000 ನರಕೋಶಗಳ ಒಂದು ಪುಟ್ಟ ಗುಂಪಿದೆ. ದೇಹದ ಜೈವಿಕ ಗಡಿಯಾರ ಅದೇ. ಅದರ ಒಂದು ಸುತ್ತು ಸರಾಸರಿ 24 ಗಂಟೆಗಿಂತ ಹತ್ತು ನಿಮಿಷದಷ್ಟು ಹೆಚ್ಚು, ಬೆಳಕು ಕಂಡು ಪ್ರತಿದಿನ ಸರಿಮಾಡಿಕೊಳ್ಳುತ್ತದೆ. ಈ ಗಡಿಯಾರದ ಪ್ರಕಾರ ದೇಹದ ಒಳತಾಪ ತೀರಾ ಕೆಳಗಿಳಿಯುವುದು ನಾವು ಸಹಜವಾಗಿ ಏಳುವ ಸುಮಾರು ಎರಡು ಗಂಟೆ ಮೊದಲು, ಅಂದರೆ ಹೆಚ್ಚಿನವರಿಗೆ ನಾಲ್ಕು–ಐದರ ನಡುವೆ. ಇಪ್ಪತ್ತನಾಲ್ಕು ಗಂಟೆಯಲ್ಲಿ ಗಮನಶಕ್ತಿ ಅತ್ಯಂತ ಮಂದವಾಗಿರುವ ಹೊತ್ತೂ ಅದೇ. ಹದಿಹರೆಯದಲ್ಲಿ, ಮಲಗುವ ಹೊತ್ತಾಯಿತೆಂದು ದೇಹಕ್ಕೆ ಸಾರುವ ಮೆಲಟೋನಿನ್ ಎಂಬ ಹಾರ್ಮೋನು ರಾತ್ರಿ ಸ್ರವಿಸಲು ತೊಡಗುವುದೇ ಒಂದೆರಡು ಗಂಟೆ ತಡ. ಹದಿನಾರರ ಹುಡುಗನಿಗೆ ರಾತ್ರಿ ಹತ್ತಕ್ಕೂ ನಿದ್ದೆ ಬಾರದಿರುವುದಕ್ಕೆ ಮೊಬೈಲ್ ಅರ್ಧ ಕಾರಣವಾದರೆ, ವಯಸ್ಸು ಇನ್ನರ್ಧ. ಅವನಿಗೆ ನಾಲ್ಕು ಗಂಟೆಯೆಂದರೆ ನಡುರಾತ್ರಿಯೇ ಸರಿ. ಎಬ್ಬಿಸಿ ಕೂರಿಸಿದ ಮೇಲೂ 15–30 ನಿಮಿಷ, ಗಾಢನಿದ್ದೆಯಿಂದ ಎಬ್ಬಿಸಿದ್ದರೆ ಇನ್ನೂ ಹೆಚ್ಚು ಹೊತ್ತು, ನಿದ್ದೆಯ ಜಡ ಬಿಡುವುದಿಲ್ಲ. ಕಣ್ಣು ಸಾಲಿನ ಮೇಲೆ ಓಡುತ್ತಿರುತ್ತದೆ, ಹಿಪೊಕ್ಯಾಂಪಸ್ ಹಿಡಿಯುತ್ತಿರುವುದಿಲ್ಲ.

‘ಬ್ರಾಹ್ಮೀ ಮುಹೂರ್ತ’ದ ಮಾತು ಇಲ್ಲಿ ಬಂದೇ ಬರುತ್ತದೆ. ಬರಲಿ, ಅದರ ಲೆಕ್ಕವನ್ನೂ ನೋಡೋಣ. ಒಂದು ಮುಹೂರ್ತಕ್ಕೆ 48 ನಿಮಿಷ. ಸೂರ್ಯೋದಯಕ್ಕೆ 96 ನಿಮಿಷ ಮೊದಲು ಶುರುವಾಗಿ 48 ನಿಮಿಷ ಮೊದಲು ಮುಗಿಯುವುದು ಬ್ರಾಹ್ಮೀ ಮುಹೂರ್ತ. ಮಾರ್ಚ್ ನಡುವಿನಲ್ಲಿ ಬೆಂಗಳೂರಲ್ಲಿ ಸೂರ್ಯ ಹುಟ್ಟುವುದು ಸುಮಾರು ಆರೂವರೆಗೆ. ಅಂದರೆ ಅದು ಹೆಚ್ಚೂಕಡಿಮೆ 4:54ರಿಂದ 5:42. ಮೂರೂವರೆಯೂ ಅಲ್ಲ, ನಾಲ್ಕೂ ಅಲ್ಲ. ಆ ಹೊತ್ತಿಗೆ ಏಳುತ್ತಿದ್ದ ಹಿರಿಯರು ದೀಪದೆಣ್ಣೆಯ ಕಾಲದಲ್ಲಿ ಎಂಟೂವರೆ, ಒಂಬತ್ತಕ್ಕೆ ಹಾಸಿಗೆ ಸೇರಿರುತ್ತಿದ್ದರು. ಅವರದು ಎಂಟು ಗಂಟೆಯ ನಿದ್ದೆ. ನಾವು ಅವರ ಬೆಳಗನ್ನು ಇಟ್ಟುಕೊಂಡು ಅವರ ರಾತ್ರಿಯನ್ನು ಬಿಟ್ಟುಬಿಟ್ಟಿದ್ದೇವೆ. ಒಂಬತ್ತಕ್ಕೆ ಮಲಗಿ ಐದಕ್ಕೆ ಅಲಾರಂ ಇಲ್ಲದೆ ಏಳುವ ಮಕ್ಕಳು ಈಗಲೂ ಇದ್ದಾರೆ. ಅವರು ಹಾಗೇ ಇರಲಿ, ಅವರಿಗೆ ಈ ಪತ್ರ ಅನ್ವಯಿಸುವುದಿಲ್ಲ.

‘ಎರಡು ದಿನ ಕಷ್ಟ, ಆಮೇಲೆ ಅಭ್ಯಾಸ ಆಗುತ್ತದೆ’ ಎಂಬುದು ಇನ್ನೊಂದು ಮಾತು. ಇದನ್ನು ನೇರವಾಗಿ ಪರೀಕ್ಷಿಸಿದವರಿದ್ದಾರೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಹಾನ್ಸ್ ವಾನ್ ಡಾಂಗೆನ್, ಡೇವಿಡ್ ಡಿಂಜಸ್ ಮತ್ತು ಸಂಗಡಿಗರು ಆರೋಗ್ಯವಂತ ವಯಸ್ಕರಿಗೆ ಹದಿನಾಲ್ಕು ದಿನ ರಾತ್ರಿಗೆ ಆರು ಅಥವಾ ನಾಲ್ಕು ಗಂಟೆ ಮಾತ್ರ ಹಾಸಿಗೆ ಕೊಟ್ಟರು. ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಗಮನ ಮತ್ತು ‘ಕೆಲಸದ ನೆನಪಿನ’ (ಮಾಹಿತಿಯನ್ನು ಸ್ವಲ್ಪ ಹೊತ್ತು ತಲೆಯಲ್ಲಿ ಹಿಡಿದಿಟ್ಟು ಬಳಸುವ ಶಕ್ತಿಯ) ಪರೀಕ್ಷೆಗಳಲ್ಲಿ ಅವರು ದಿನದಿಂದ ದಿನಕ್ಕೆ ಕುಸಿಯುತ್ತಲೇ ಹೋದರು. ಕೊನೆಗೆ ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟ ಮುಟ್ಟಿದರು. ಆದರೆ ‘ಎಷ್ಟು ನಿದ್ದೆ ಬರುತ್ತಿದೆ’ ಎಂದು ಕೇಳಿದಾಗ ಕೆಲವು ದಿನಗಳ ನಂತರ ಅವರ ಉತ್ತರ ಹೆಚ್ಚೇನೂ ಬದಲಾಗಲಿಲ್ಲ. ಅಭ್ಯಾಸವಾಗಿದ್ದು ನಿದ್ದೆಗೇಡಿನ ಅರಿವಿಲ್ಲದಿರುವುದು ಮಾತ್ರ. ಮಗು ‘ನನಗೇನೂ ಆಗ್ತಿಲ್ಲ’ ಎಂದರೆ ಅದು ಸುಳ್ಳು ಹೇಳುತ್ತಿಲ್ಲ, ಅದಕ್ಕೆ ಗೊತ್ತಾಗುತ್ತಿಲ್ಲ. ಸುಲಭವಾದ ಒಂದು ಪರೀಕ್ಷೆಯಿದೆ: ಭಾನುವಾರ ಎಬ್ಬಿಸದೆ ಬಿಡಿ. ಉಳಿದ ದಿನಗಳಿಗಿಂತ ಎರಡು ಗಂಟೆ ಹೆಚ್ಚು ಮಲಗಿದರೆ ವಾರವಿಡೀ ಸಾಲ ಮಾಡಿದೆ ಎಂದರ್ಥ.

ನಾಲ್ಕಕ್ಕೆ ಎದ್ದವರಿಗೆ ರಾತ್ರಿ ಒಂಬತ್ತಕ್ಕೆ 17 ಗಂಟೆಗಳ ಎಚ್ಚರ ತುಂಬುತ್ತದೆ. ಆಸ್ಟ್ರೇಲಿಯಾದ ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 17 ಗಂಟೆ ಎಚ್ಚರವಿದ್ದವರ ಕಣ್ಣು–ಕೈ ಹೊಂದಾಣಿಕೆ ರಕ್ತದಲ್ಲಿ ಶೇ 0.05 ಮದ್ಯವಿದ್ದವರ ಮಟ್ಟಕ್ಕೆ ಇಳಿದಿತ್ತು. ನಮ್ಮ ಮೋಟಾರು ವಾಹನ ಕಾಯ್ದೆ ಚಾಲಕರಿಗೆ ಬಿಡುವ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ ಶೇ 0.03. ಸ್ಕೂಟರ್ ಓಡಿಸಲೂ ಯೋಗ್ಯವಲ್ಲದ ಸ್ಥಿತಿಯಲ್ಲಿ ಮಕ್ಕಳಿಂದ ಇನ್ನೆರಡು ಗಂಟೆ ಗಣಿತ ಮಾಡಿಸುತ್ತಿದ್ದೇವೆ.

ಆದ್ದರಿಂದ ವಸತಿ ಶಾಲೆ, ಕಾಲೇಜುಗಳ ಆಡಳಿತದವರಲ್ಲಿ ಮತ್ತು ಶಿಕ್ಷಣ ಇಲಾಖೆಯಲ್ಲಿ ನನ್ನ ಕೋರಿಕೆ ಇಷ್ಟೇ: ದೀಪ ಆರಿಸುವುದು ಹತ್ತಕ್ಕೆ, ಗಂಟೆ ಬಾರಿಸುವುದು ಆರಕ್ಕೆ. 13ರಿಂದ 18ರ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2016ರಲ್ಲಿ ಹೇಳಿದೆ. ನಾನು ಕೇಳುತ್ತಿರುವುದು ಅದರ ಕನಿಷ್ಠ. ಕ್ಯಾಲಿಫೋರ್ನಿಯಾದಲ್ಲಿ 2022ರ ಜುಲೈಯಿಂದ ಹೆಚ್ಚಿನ ಪ್ರೌಢಶಾಲೆಗಳು ಬೆಳಿಗ್ಗೆ 8:30ಕ್ಕಿಂತ ಮೊದಲು ತೆರೆಯುವಂತಿಲ್ಲ ಎಂಬ ಕಾನೂನೇ ಜಾರಿಯಲ್ಲಿದೆ. ನಮ್ಮ ಹೆಚ್ಚಿನ ಸರ್ಕಾರಿ ಪ್ರೌಢಶಾಲೆಗಳು ಹತ್ತರ ಆಸುಪಾಸಿಗೆ ಶುರುವಾಗುವುದರಿಂದ ಅಲ್ಲಿನ ಮಕ್ಕಳಿಗೆ ಆ ಸೌಲಭ್ಯ ಕೇಳದೆಯೇ ಸಿಕ್ಕಿದೆ. ಅದನ್ನು ವಿಶೇಷ ತರಗತಿಗಳಿಂದ ಹಾಳುಮಾಡುತ್ತಿರುವವರು ನಾವೇ.

ಓದಿಗೆ ಹೊತ್ತು ಎಲ್ಲಿ ಎಂದು ಕೇಳುತ್ತಾರೆ. ಸಂಜೆ ಐದೂವರೆಯಿಂದ ಏಳು, ಊಟವಾಗಿ ಏಳೂಮುಕ್ಕಾಲರಿಂದ ಒಂಬತ್ತೂಕಾಲು, ಬೆಳಿಗ್ಗೆ ಆರೂವರೆಯಿಂದ ಏಳೂವರೆ. ಶಾಲೆಯ ಪಾಠದ ಹೊರತಾಗಿ ಇಷ್ಟು ನಾಲ್ಕು ಗಂಟೆ. ಗಣಿತ, ಭೌತವಿಜ್ಞಾನದಂಥವು ಸಂಜೆಯ ಮೊದಲ ಪಾಳಿಗಿರಲಿ. ಒಂಬತ್ತೂಕಾಲಕ್ಕೆ ಪುಸ್ತಕ ಮುಚ್ಚಿ, ಆ ದಿನ ಓದಿದ್ದನ್ನು ಹಾಳೆಯ ಮೇಲೆ ಹದಿನೈದು ನಿಮಿಷ ನೆನಪಿನಿಂದಲೇ ಬರೆಯಬೇಕು. ನೆನಪಾಗದ್ದಕ್ಕೆ ಗುರುತು ಹಾಕಿ, ಬೆಳಿಗ್ಗೆ ಮೊದಲು ಅದನ್ನೇ ನೋಡಬೇಕು. ಪುಸ್ತಕ ನೋಡದೆ ಬರೆಯುವುದು ಮತ್ತೊಮ್ಮೆ ಓದುವುದಕ್ಕಿಂತ ಕಷ್ಟ, ಹಾಗೆಂದೇ ಮಕ್ಕಳು ತಪ್ಪಿಸಿಕೊಳ್ಳುತ್ತಾರೆ. ಆದರೆ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಮಾಡಿದ ಪ್ರಯೋಗದಲ್ಲಿ, ಎರಡು ಸಲ ಓದಿದವರಿಗೆ ವಾರದ ನಂತರ ನೆನಪಿದ್ದುದು ಶೇ 42. ಒಮ್ಮೆ ಓದಿ ಒಮ್ಮೆ ನೆನಪಿನಿಂದ ಬರೆದವರಿಗೆ ಶೇ 56.

ಹನ್ನೆರಡಕ್ಕೆ ಮಲಗುವುದು ರೂಢಿಯಾದ ಮಗುವನ್ನು ಇವತ್ತೇ ಹತ್ತಕ್ಕೆ ಮಲಗಿಸಲು ಹೋದರೆ ಕೆಲಸ ಕೆಡುತ್ತದೆ. ರೂಢಿಯ ಹೊತ್ತಿಗೆ ಎರಡು–ಮೂರು ಗಂಟೆ ಮುಂಚಿನ ಅವಧಿಯಲ್ಲಿ ಗಡಿಯಾರ ಎಚ್ಚರವನ್ನು ಜೋರಾಗಿ ಎತ್ತಿಹಿಡಿದಿರುತ್ತದೆ. ಇಡೀ ದಿನದಲ್ಲಿ ನಿದ್ದೆ ಬರುವುದು ಅತಿ ಕಷ್ಟವಾದ ಹೊತ್ತು ಅದು. ಮಗು ಹೊರಳಾಡುತ್ತದೆ. ನಾಲ್ಕು ರಾತ್ರಿ ಹೀಗಾದರೆ ಹಾಸಿಗೆ ಕಂಡೊಡನೆ ಎಚ್ಚರವಾಗುವುದು ರೂಢಿಯಾಗುತ್ತದೆ. ಮೊದಲು ಸರಿಪಡಿಸಬೇಕಾದದ್ದು ಏಳುವ ಹೊತ್ತನ್ನು. ಈಗ ಎಂಟಕ್ಕೆ ಏಳುವವರನ್ನು ದಿನಕ್ಕೆ 15 ನಿಮಿಷದಂತೆ ಹಿಂದಕ್ಕೆ ತನ್ನಿ, ಮಲಗುವ ಹೊತ್ತನ್ನೂ ಅಷ್ಟಷ್ಟೇ ಸರಿಸಿ. ಎರಡು ಗಂಟೆ ಸರಿಯಲು ಎಂಟು ದಿನ, ಎಡವಿದ ದಿನಗಳಿಗೂ ಸೇರಿಸಿ ಹನ್ನೆರಡು ದಿನ ಇಟ್ಟುಕೊಳ್ಳಿ. ಎದ್ದ ಮೇಲೆ 20–30 ನಿಮಿಷ ಬಯಲಿನಲ್ಲಿ ಓಡಾಡಲಿ, ಅಂಗಳ ಅಥವಾ ತಾರಸಿಯಾದರೂ ಸಾಕು. ಟ್ಯೂಬ್‌ಲೈಟಿನ ಕೋಣೆಯಲ್ಲಿ ಸಿಗುವ ಬೆಳಕು 200–300 ಲಕ್ಸ್. ಹೊತ್ತೇರಿದ ಬಯಲಲ್ಲಿ ನೆರಳಿನಲ್ಲೂ ಕೆಲವು ಸಾವಿರ, ಬಿಸಿಲಿನಲ್ಲಿ ಒಂದು ಲಕ್ಷದವರೆಗೆ. ಕಣ್ಣಿನ ಪರದೆಯಲ್ಲಿ ಗಡಿಯಾರಕ್ಕೆ ಸುದ್ದಿ ಮುಟ್ಟಿಸುವ ಕೋಶಗಳು ಸುಮಾರು 480 ನ್ಯಾನೊಮೀಟರ್‌ನ ನೀಲಿ ಬೆಳಕಿಗೆ ಹೆಚ್ಚು ಸ್ಪಂದಿಸುತ್ತವೆ, ಅವಕ್ಕೆ ಮನೆಯೊಳಗಿನ ಬೆಳಕು ಏನೇನೂ ಸಾಲದು. ಮಲಗಿ ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಸುಮ್ಮನೆ ಕೂತು, ತೂಕಡಿಕೆ ಬಂದಾಗ ಮತ್ತೆ ಮಲಗಬೇಕು.

ಮೊಬೈಲಿನ ನೀಲಿ ಬೆಳಕಿನ ಬಗ್ಗೆ ಮಾತ್ರ ಸ್ವಲ್ಪ ಅತಿಯಾಗಿ ಹೇಳುತ್ತಿದ್ದಾರೆ ಎಂದು ನನ್ನ ಅನಿಸಿಕೆ. 2015ರ ಒಂದು ಹೆಸರಾಂತ ಪ್ರಯೋಗದಲ್ಲಿ ರಾತ್ರಿ ನಾಲ್ಕು ಗಂಟೆ ಕಾಲ ಪೂರ್ತಿ ಪ್ರಕಾಶದ ಇ–ಪುಸ್ತಕ ಓದಿದವರಿಗೆ, ಕಾಗದದ ಪುಸ್ತಕ ಓದಿದವರಿಗಿಂತ ನಿದ್ದೆ ಬರಲು ಹತ್ತು ನಿಮಿಷದಷ್ಟು ಮಾತ್ರ ಹೆಚ್ಚು ಬೇಕಾಯಿತು. ಮೆಲಟೋನಿನ್ ಸ್ರವಿಸುವುದು ಒಂದೂವರೆ ಗಂಟೆ ತಡವಾದದ್ದು ನಿಜ, ಅದು ಸಣ್ಣ ವಿಷಯವಲ್ಲ. ಆದರೆ ‘ನೈಟ್ ಮೋಡ್’ ಹಾಕಿಕೊಂಡು ಒಂದರವರೆಗೆ ರೀಲ್ಸ್ ನೋಡುವವರ ನಿದ್ದೆ ಕದಿಯುತ್ತಿರುವುದು ಬೆಳಕಿಗಿಂತ ರೀಲ್ಸ್. ಒಂಬತ್ತೂವರೆಗೆ ಫೋನು ಬೇರೆ ಕೋಣೆಗೆ ಹೋಗಲಿ, ಅಪ್ಪ–ಅಮ್ಮನದೂ ಜೊತೆಗೆ.

ಸೆಖೆಯ ವಿಷಯವನ್ನು ಕಲಬುರಗಿ, ರಾಯಚೂರಿನವರಿಗೆ ಹೇಳಬೇಕಿಲ್ಲ. ನಿದ್ದೆ ಹತ್ತಬೇಕಾದರೆ ದೇಹದ ಒಳತಾಪ ಇಳಿಯಬೇಕು, ಆ ಶಾಖ ಹೊರಹೋಗುವುದು ಬಹುಪಾಲು ಅಂಗೈ–ಅಂಗಾಲುಗಳ ರಕ್ತನಾಳ ಅಗಲವಾಗಿ. ಮಲಗುವ ಒಂದೆರಡು ಗಂಟೆ ಮೊದಲು ಬೆಚ್ಚನೆಯ ನೀರಿನ ಸ್ನಾನ ನಿದ್ದೆಯನ್ನು ಬೇಗ ತರುವುದು ಇದರಿಂದಲೇ; ತಣ್ಣೀರು ಚರ್ಮದ ರಕ್ತನಾಳಗಳನ್ನು ಬಿಗಿಮಾಡಿ ಶಾಖವನ್ನು ಒಳಗೇ ಹಿಡಿಯುತ್ತದೆ. ಹಗಲಿಡೀ ಕಾದ ಆರ್‌ಸಿಸಿ ಚಾವಣಿ ರಾತ್ರಿ ಬಹಳ ಹೊತ್ತು ಕೋಣೆಯೊಳಕ್ಕೆ ಶಾಖ ಬಿಡುತ್ತಲೇ ಇರುತ್ತದೆ. ಹೊತ್ತು ಮುಳುಗಿದ ಮೇಲೆ ತಾರಸಿಗೆ ನೀರು ಹಾಕಿ, ಕಿಟಕಿಗಳನ್ನು ಎದುರುಬದುರು ತೆರೆದು, ಸೊಳ್ಳೆಪರದೆಯೊಳಗೆ ನೆಲದ ಮೇಲೆ ಮಲಗಿಸುವುದು ಒಳ್ಳೆಯದು.

ನಿದ್ದೆಯಲ್ಲಿ ಇಂದ್ರಿಯಗಳು ಪೂರ್ತಿ ಮುಚ್ಚುವುದಿಲ್ಲ. ಕಿವಿಯಿಂದ ಬಂದ ಸುದ್ದಿಯನ್ನು ಮಿದುಳಿನ ನಡುಭಾಗದಲ್ಲಿರುವ ಥಾಲಮಸ್ ತಡೆಯುತ್ತದೆಯಾದರೂ ಜರಡಿ ಹಿಡಿದೇ ತಡೆಯುತ್ತದೆ. ಮಲಗಿದವರ ಹೆಸರು ಕರೆದರೆ ಬೇರೆ ಹೆಸರುಗಳಿಗಿಂತ ಹೆಚ್ಚಿನ ಅಲೆ ಇಇಜಿಯಲ್ಲಿ ಏಳುವುದನ್ನು ಇಯಾನ್ ಆಸ್ವಾಲ್ಡ್ 1960ರಲ್ಲೇ ಕಂಡಿದ್ದರು. ಮೂಗಿನ ಕಥೆ ಬೇರೆ: ಬ್ರೌನ್ ವಿಶ್ವವಿದ್ಯಾಲಯದ 2004ರ ಪ್ರಯೋಗದಲ್ಲಿ ಗಾಢವಾಗಿ ಮಲಗಿದವರು ಕಟು ವಾಸನೆಗೂ ಏಳಲಿಲ್ಲ, ಶಬ್ದಕ್ಕೆ ಎದ್ದರು. ಗ್ಯಾಸ್ ಸೋರಿದರೆ ವಾಸನೆಗೆ ಎಚ್ಚರವಾಗುತ್ತದೆಂದು ನಂಬಿ ರೆಗ್ಯುಲೇಟರ್ ಆರಿಸದೆ ಮಲಗುವವರು ಇದನ್ನು ನೆನಪಿಡಲಿ. ಮಲಗಿದಾಗ ಪಾಠದ ಆಡಿಯೊ ಹಾಕಿಡುವ ಹೊಸ ಉಪಾಯವೂ ವ್ಯರ್ಥ. 1950ರ ದಶಕದಲ್ಲೇ ಸೈಮನ್ ಮತ್ತು ಎಮನ್ಸ್ ಇಇಜಿ ಇಟ್ಟು ನೋಡಿ, ನಿಜವಾಗಿ ನಿದ್ದೆಯಲ್ಲಿದ್ದವರಿಗೆ ಕೇಳಿಸಿದ್ದು ನೆನಪಿಗೆ ಹೋಗಿಲ್ಲ ಎಂದು ತೋರಿಸಿದ್ದಾರೆ.

ಕಿವಿ ತೆರೆದೇ ಇರುತ್ತದೆ ಎಂಬುದಕ್ಕೆ ಇನ್ನೊಂದು ಮುಖವಿದೆ. ಪರೀಕ್ಷೆಯ ತಿಂಗಳೇ ಜಾತ್ರೆ, ಉರುಸು, ಮದುವೆಗಳ ತಿಂಗಳು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬಲ್, ರಾತ್ರಿಯೆಂದರೆ ಹತ್ತರಿಂದ ಬೆಳಗಿನ ಆರು. ಆ ಹೊತ್ತಿನಲ್ಲಿ ಬಯಲಲ್ಲಿ ಧ್ವನಿವರ್ಧಕಕ್ಕೆ ಅವಕಾಶವಿಲ್ಲ. ವರ್ಷದಲ್ಲಿ ಕೆಲವೇ ದಿನ, ಸರ್ಕಾರ ಅನುಮತಿಸಿದರೆ, ಮಧ್ಯರಾತ್ರಿಯವರೆಗೆ ವಿನಾಯಿತಿ. ಪರೀಕ್ಷೆ ಮುಗಿಯುವವರೆಗಾದರೂ ಪೊಲೀಸರು ಯಾರ ಮೈಕು ಎಂದು ನೋಡದೆ ಇದನ್ನು ಜಾರಿಮಾಡಲಿ. ಅಲ್ಲಿಯವರೆಗೆ ಫ್ಯಾನಿನ ಒಂದೇ ಸಮನೆಯ ಸದ್ದೇ ಗತಿ. ಅದು ಹಠಾತ್ ಶಬ್ದಗಳ ಏರಿಳಿತವನ್ನು ಮುಚ್ಚುತ್ತದೆ.

ಕಾಫಿ, ಚಹಾದ ಕೆಫೀನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಆರರ ಲೋಟದ ಅರ್ಧ ರಾತ್ರಿ ಹನ್ನೊಂದಕ್ಕೂ ಉಳಿದಿರುತ್ತದೆ. ಹಗಲೆಲ್ಲ ಮಿದುಳಿನಲ್ಲಿ ಕೂಡಿ ನಿದ್ದೆ ತರುವ ಅಡೆನೊಸಿನ್‌ಗೆ ಅದು ಅಡ್ಡ ನಿಲ್ಲುತ್ತದೆ. ನಿದ್ದೆ ಬಂದರೂ ಗಾಢನಿದ್ದೆ ತೆಳುವಾಗುತ್ತದೆ. ಮಧ್ಯಾಹ್ನ ಎರಡರ ನಂತರ ಬೇಡ. ಹಗಲು ಮಲಗುವುದಾದರೆ ಮೂರಕ್ಕೆ ಮೊದಲು, ಇಪ್ಪತ್ತು ನಿಮಿಷ. ಒಂದು ಗಂಟೆ ಮಲಗಿದರೆ ಗಾಢನಿದ್ದೆಯ ನಡುವೆ ಏಳಬೇಕಾಗಿ ತಲೆ ಭಾರ, ರಾತ್ರಿಯ ನಿದ್ದೆಗೂ ಖೋತಾ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಬರಲೆಂದು ಶೀತದ ಮಾತ್ರೆ ಕೊಡುವ ಮನೆಗಳಿವೆ. ದಯವಿಟ್ಟು ಬೇಡ, ಅದರ ಮಂಪರು ಮರುದಿನ ಪ್ರಶ್ನೆಪತ್ರಿಕೆಯ ಮುಂದೆಯೂ ಕೂತಿರುತ್ತದೆ. ಹಿಂದಿನ ರಾತ್ರಿಗಳು ಸರಿಯಿದ್ದರೆ ಆ ಒಂದು ರಾತ್ರಿ ಕೆಟ್ಟಿದ್ದಕ್ಕೆ ಹೆಚ್ಚೇನೂ ನಷ್ಟವಿಲ್ಲ ಎಂದು ಮಗುವಿಗೆ ಮೊದಲೇ ಹೇಳಿಡಿ.

ಇಷ್ಟೆಲ್ಲ ಮಾಡಿ, ಎಂಟು ಗಂಟೆ ಮಲಗಿಯೂ ತರಗತಿಯಲ್ಲಿ ತೂಕಡಿಸುವ ಮಕ್ಕಳ ವಿಷಯ ಬೇರೆ. ಜೋರಾದ ಗೊರಕೆ, ನಡುನಡುವೆ ಉಸಿರು ನಿಂತಂತಾಗುವುದು, ಬಾಯಿ ತೆರೆದು ಮಲಗುವುದು ಇದ್ದರೆ ಟಾನ್ಸಿಲ್, ಅಡಿನಾಯ್ಡ್ ದಪ್ಪವಾಗಿರಬಹುದು, ಕಿವಿ–ಮೂಗು–ಗಂಟಲು ವೈದ್ಯರಿಗೆ ತೋರಿಸಿ. ಮಲಗಿದೊಡನೆ ಕಾಲು ಆಡಿಸದೆ ಇರಲಾಗದು ಎಂದರೆ ರಕ್ತದಲ್ಲಿ ಕಬ್ಬಿಣಾಂಶದ ಸಂಗ್ರಹ ಪರೀಕ್ಷಿಸಬೇಕು. ಹೆಣ್ಣುಮಕ್ಕಳಲ್ಲಿ ಇದನ್ನು ತಪ್ಪದೆ ನೋಡಿ. ವಾರಗಟ್ಟಲೆ ನಿದ್ದೆಯಿಲ್ಲದೆ, ಊಟ ಸೇರದೆ, ಪರೀಕ್ಷೆಯ ಹೆಸರೆತ್ತಿದರೆ ಅಳುವ ಮಗುವಿಗೆ ವೇಳಾಪಟ್ಟಿಯಿಂದ ಆಗುವುದೇನೂ ಇಲ್ಲ. ಕೇಂದ್ರ ಸರ್ಕಾರದ ಟೆಲಿ–ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ.

— ಮನೋವಿಜ್ಞಾನ ಉಪನ್ಯಾಸಕಿ, ಧಾರವಾಡ